ಕೀಲಿ ಕೊಟ್ಟ ಹಕ್ಕಿ

ದಿರೆ ದಾವಾ,
ಹಿದಾರ್ ತಿಂಗಳು, ಶುಕ್ರವಾರ

ನನ್ನ ಮುದ್ದು ಲೆಮ್ಲೆಮ್‌ಗೆ ದೊಡ್ಡಮ್ಮನ ಆಶೀರ್ವಾದ.

ಇಂದು ಶುಕ್ರವಾರದ ಉಪವಾಸ. ಚರ್ಚಿಗೆ ಹೋಗಿ ಬಂದು, ಅಂಗಳ ಗುಡಿಸಿ, ಇಂಜೆರಾ ರೊಟ್ಟಿಗೆ ಹಿಟ್ಟು ಕಲಸಿಟ್ಟು, ಕುಲುಮೆ ಹೊತ್ತಿಸುವ ಮೊದಲು ಬರೆಯಲು ಕೂತೆ. ಅಡಿಸ್ ಅಬಾಬಾದಿಂದ, ನಿನ್ನ ಮನೆಯಿಂದ, ಬಂದು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಉಪವಾಸದ ದಿನ ಸುಳ್ಳು ಬೇಡ.

ಇಲ್ಲಿ ಎಲ್ಲ ಕ್ಷೇಮ. ಗುಜರಿಯಲ್ಲಿ ಹಳೆಯ ರೈಲು ಎಂಜಿನ್ನಿನ ಒತ್ತಡ ತೋರಿಸುವ ಮುಳ್ಳಿನ ಡಬ್ಬಿ ಸಿಕ್ಕಿತು. ಈಗ ಗುಜರಿ ಕಬ್ಬಿಣದಲ್ಲಿ ಮಾಡುತ್ತಿರುವ ಆಮೆಯ ಬೆನ್ನಿಗೆ ಅದನ್ನು ಕೂರಿಸಿದ್ದೇನೆ. ಪಕ್ಕದ ಮನೆಯ ಬಿರ್ಕೆ ನೋಡಿ, "ಏನಕ್ಕಾ, ನಿನ್ನ ಆಮೆಗೆ ಬಿಪಿ ಜಾಸ್ತಿ ಆಗಿದ್ಯಲ್ಲ!" ಎಂದು ನಕ್ಕಳು.

ಕೂಸಿನ ದೀಕ್ಷಾಸ್ನಾನ ಚೆನ್ನಾಗಿ ನಡೆಯಿತು. ನಿಮ್ಮ ಹಜಾರದಲ್ಲಿ ನಾನು ಮಾಡಿದ ಕಬ್ಬಿಣದ ಸಿಂಹವನ್ನು ಕಂಡು ಹಿಗ್ಗಿದೆ. ಅದರ ಕುತ್ತಿಗೆಯ ಹಲ್ಲುಚಕ್ರಗಳನ್ನು ನೀನೇ ಉಜ್ಜಿ ಹೊಳಪು ಮಾಡಿಕೊಟ್ಟಿದ್ದೆಯಲ್ಲ. ನಿನ್ನತ್ತೆ ನೆಂಟರಿಗೆಲ್ಲ ತೋರಿಸುತ್ತಿದ್ದರು. ಯಾರೋ, "ಯಾರ್ರೀ ಮಾಡಿದ್ದು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು, "ಗೊತ್ತಿಲ್ಲ, ಅಂಗಡೀಲಿ ತಗೊಂಡಿದ್ದು" ಎಂದೆ.

ಕಬ್ಬಿಣ ಕಾಯಿಸುವವರ ಕಣ್ಣು ಕೆಟ್ಟದ್ದು, ಕತ್ತಲಾದರೆ ಅವರು ಕತ್ತೆಕಿರುಬಗಳಾಗಿ ತಿರುಗುತ್ತಾರೆ ಎಂದು ಜನ ಆಡಿಕೊಳ್ಳುವುದು ನನಗೆ ಹೊಸತಲ್ಲ. ನಿನ್ನಮ್ಮ ತೀರಿಹೋದ ಮೇಲೆ ಈ ಕುಲುಮೆಯ ಪಕ್ಕದಲ್ಲೇ ಬೆಳೆದವಳು ನೀನು. ಶಾಲೆಯಲ್ಲಿ ಮಕ್ಕಳು ಅಣಕಿಸಿದಾಗ, "ಹೂಂ ಕಣ್ರೋ, ನಮ್ಮ ದೊಡ್ಡಮ್ಮ ಕಿರುಬಾನೇ! ಇವತ್ತು ನಿಮ್ಮನೆಗೇ ಬರ್ತಾಳೆ!" ಎಂದು ಅವರನ್ನು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿದ್ದೆ. ಆ ಹುಡುಗಿಯನ್ನು ನಿನ್ನ ಮನೆಯಲ್ಲಿ ಹುಡುಕಿದೆ ಮಗಳೇ, ಸಿಗಲಿಲ್ಲ.

ಅತ್ತೆಗೆ ಹೆದರಿ ಹಾಗೆ ಅಂದಿರುತ್ತೀಯ. ಹೋಗಲಿ ಬಿಡು, ಅದು ಹೊಟ್ಟೆಗೆ ಹಾಕಿಕೊಳ್ಳುವ ಮಾತೇ. ಬಾಣಂತಿ ಮೈ, ತಣ್ಣೀರು ಮುಟ್ಟಬೇಡ. ಮರಿಯಮ್ಮ ತಾಯಿ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ದೊಡ್ಡಮ್ಮ,
ಯೆಶಿಮೆಬೆಟ್

ಇನ್ನೊಂದು ಮಾತು. ಗಡಿಯಾರದ ಚಕ್ರಗಳಿಂದ ಮಾಡಿದ ಹಕ್ಕಿಗೆ ಕೀಲಿ ಕೊಟ್ಟು, ಅದು ರೆಕ್ಕೆ ಬಡಿಯುವುದನ್ನು ತೋರಿಸೋಣವೆಂದು ತೊಟ್ಟಿಲಿಗೆ ಬಗ್ಗಿದೆನಲ್ಲ, ಆಗ ಕೋಣೆಯಲ್ಲಿ ನಿನ್ನತ್ತೆ ಇರಲಿಲ್ಲ. ನೆಂಟರೂ ಇರಲಿಲ್ಲ. ನಾವಿಬ್ಬರೇ. ಆದರೂ ನೀನು ಹೊದ್ದ ಶಾಲನ್ನೆಳೆದು ಕೂಸಿನ ಮುಖ ಮುಚ್ಚಿದೆ. ನನ್ನ ಕಣ್ಣು ತಾಗುತ್ತದೆಂದು ನೀನೂ ನಂಬಿದ್ದೀಯೇನೇ? ಅದೊಂದನ್ನು ಬರೆದು ಬಸ್ಸಿನವನ ಕೈಲಿ ಕಳಿಸು. ಏನು ಬರೆದಿರುತ್ತೀಯೋ ಎಂದು, ನಿಲ್ದಾಣಕ್ಕೆ ಹೋಗಿ ತರಲು ನನಗೆ ಕಾಲೇಳುವುದಿಲ್ಲ. ತಂದುಕೊಡೆಂದು ಬಿರ್ಕೆಯನ್ನು ಕೇಳಿಕೊಂಡಿದ್ದೇನೆ.