ಬೆನ್ನಿನಲ್ಲಿ ಎರಡು ಬೆರಳು

ಮಂಗಳವಾರ, ಹದಿನಾಲ್ಕು.

ನಮ್ಮ ಪ್ರಧಾನಿ ಹೊರದೇಶದ ರಾಜನ ಮುಂದೆ ಬಗ್ಗಿಬಿಟ್ಟರು, ಅದೂ ನಾನು ಹೊಲಿದ ಕೋಟಿನಲ್ಲಿ. ಬೆಳಗಿನಿಂದ ಟಿವಿಯಲ್ಲಿ ಅದೇ ಚಿತ್ರ. ಅಣ್ಣ ಊಟಕ್ಕೆ ಕೂತವನು ತಟ್ಟೆ ಮರೆತು ಕೂಗಾಡಿದ: "ಓಟು ಹಾಕಿದ್ದು ನಾವು. ಅವರು ತಲೆ ತಗ್ಗಿಸಿದ್ರೆ ನಾವೆಲ್ಲ ತಗ್ಗಿಸಿದ ಹಾಗೇ!" ಅವನದು ತಪ್ಪು ಅಂತ ನನಗೂ ಅನ್ನಿಸಲಿಲ್ಲ.

ಪ್ರಧಾನಿ ಕಚೇರಿಯವರು ಮೊದಲೇ ಹೇಳಿದ್ದರು: "ಸಾಹೇಬ್ರು ಬಗ್ಗಲ್ಲ, ಕೈ ಕುಲುಕ್ತಾರೆ ಅಷ್ಟೇ. ಬೆನ್ನು ಬಿಗಿಯಾಗಿರ್ಲಿ." ಆದರೂ ನಾನು ಬೆನ್ನಿನಲ್ಲಿ ಎರಡು ಬೆರಳಿನಷ್ಟು ಸಡಿಲ ಬಿಟ್ಟೆ. ಯಾರಿಗೂ ಹೇಳಿಲ್ಲ.

ಕತ್ತರಿ ಹಿಡಿಯುವುದನ್ನು ಕಲಿಸಿದ ಅಪ್ಪನಿಗೆ ಬೇರೆ ಹೇಳಬೇಕೇ? ಕಣ್ಣು ಮಂಜಾದರೂ ಟಿವಿಗೆ ಮೂಗು ತಾಗಿಸಿ ನೋಡಿದರು. "ಬಗ್ಗಿದ್ರೂ ಹೊಲಿಗೆ ಎಳೀಲೇ ಇಲ್ವಲ್ಲಮ್ಮ," ಅಂದರು. ನಾನು ಅವರ ಹೊದಿಕೆ ಸರಿಮಾಡಿದೆ.

ಪ್ರಧಾನಿಯವರಿಗೆ ಮೊದಲ ಸಲ ಕೋಟು ತೊಡಿಸಿ ನೋಡಿದ ದಿನ ಅಪ್ಪನ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ನಾನು ಬಗ್ಗುವಷ್ಟರಲ್ಲಿ ಪ್ರಧಾನಿಯವರೇ ಬಗ್ಗಿ ಎತ್ತಿಕೊಟ್ಟರು. ಅರ್ಧ ಹೊಲಿದ ಕೋಟಿನ ಬೆನ್ನ ಹೊಲಿಗೆ ಪರ್ ಅಂತ ಬಿಟ್ಟಿತು. "ನಂದೇ ತಪ್ಪು, ಯಜಮಾನ್ರೇ," ಅಂತ ನಕ್ಕರು.

ರಾಜನ ಮುಂದೆ ಬಗ್ಗಬೇಕಿತ್ತೋ ಬೇಡವೋ, ಅಣ್ಣನೇ ತೀರ್ಮಾನ ಮಾಡಲಿ. ಆ ಎರಡು ಬೆರಳಿನ ಜಾಗ ಅವತ್ತು ನಾನು ರಾಜನಿಗೆ ಅಂತ ಬಿಟ್ಟದ್ದಲ್ಲ.