ಕಿವಿ ಚೊಕ್ಕ, ಕಣ್ಣು ಮಬ್ಬು

ಸ್ಟುಡಿಯೋ ಮಾವಾ,

ನೀವು ಹೋಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನನ್ನ ಒಂದು ಫೋಟೋವನ್ನೂ ಯಾರೂ ಬೈದಿಲ್ಲ. ನಮ್ಮ ನರ್ಸುಗಳ ವಾಟ್ಸಾಪ್ ಗ್ರೂಪಿಗೆ ಏನು ಹಾಕಿದರೂ ‘ಸೂಪರ್ ಅಕ್ಕಾ’. ಮೊನ್ನೆ ರೇಗಿಹೋಗಿ, ಕೈ ಅಲುಗಾಡಿ ಪೂರ್ತಿ ಕೆಟ್ಟ ಒಂದನ್ನು ಬೇಕಂತಲೇ ಹಾಕಿದೆ. ಅದಕ್ಕೂ ಸೂಪರ್! ಇವರು ನೋಡುವುದೇ ಇಲ್ಲವೋ, ಅಥವಾ ನನ್ನ ಮನಸ್ಸು ನೋಯಬಾರದು ಅಂತಲೋ...

ಮೊದಲ ಸಲ ಹರಪನಹಳ್ಳಿಯ ನಿಮ್ಮ ಸ್ಟುಡಿಯೋಗೆ ಬಂದದ್ದು ನೆನಪಿದೆಯೇ? ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ಬಂದವಳು, ಸುಮ್ಮನಿರಲಾರದೆ ಮೊಬೈಲಿನಲ್ಲಿದ್ದ ಮೆಕ್ಕೆಜೋಳದ ರಾಶಿಯ ಫೋಟೋ ತೋರಿಸಿದೆ. ಹೊಗಳುತ್ತೀರಿ ಅಂದುಕೊಂಡಿದ್ದೆ.

“ಬಿಸ್ಲು ಚಲೋ ಹಿಡದಿ. ಆದ್ರ ಹೆಣ್ಮಕ್ಕಳ್ದು ಬರೇ ಬೆನ್ನ ತೆಗದಿಯಲ್ಲ, ಅವರನ್ನ ಮಾತಾಡಿಸಿದೇನು?”

“ಇಲ್ರಿ.”

“ಮತ್ತ ಹೋಗು. ಮೊದ್ಲು ಮಾತಾಡಿಸು, ಆಮ್ಯಾಲೆ ತೆಗಿ.”

ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಹೋದೆ. ನಮ್ಮೂರು ಅರಸೀಕೆರೆಗೆ ಹೋಗುವ ಬಸ್ಸು ತಪ್ಪಿತು. ಆದರೆ ಜೋಳ ಸಾಣಿಸುತ್ತಿದ್ದ ಒಬ್ಬಾಕೆ ನನ್ನ ಕಡೆ ತಿರುಗಿ ನಕ್ಕಳು.

ಅಲ್ಲಿಂದ ಆರು ವರ್ಷ ನಿಮ್ಮದು ಅದೇ ಪದ್ಧತಿ. ಹಳೆಯ ಲಗ್ನಪತ್ರಿಕೆ ಕತ್ತರಿಸಿದ ಎರಡು ಪಟ್ಟಿಗಳನ್ನು ಪ್ರಿಂಟಿನ ಮೇಲೆ ಚೌಕಟ್ಟಿನಂತೆ ಇಟ್ಟು ಆ ಕಡೆ ಈ ಕಡೆ ಸರಿಸಿ, ಸರಿ ಬಂದದ್ದು ಒಂದು ಹೇಳುತ್ತಿದ್ದಿರಿ, ತಪ್ಪು ಒಂದು ಹೇಳುತ್ತಿದ್ದಿರಿ. ತಪ್ಪು ಹೇಳಿದಿರೋ, ಅದೇ ಜಾಗಕ್ಕೆ ಹೋಗಿ ಮತ್ತೆ ತೆಗೆದು ತರಲೇಬೇಕು. ಒಂದು ಪಾರಿವಾಳಕ್ಕಾಗಿ ನಾಲ್ಕು ಸಲ ಕೊಟ್ಟೂರಿಗೆ ಓಡಾಡಿಸಿದಿರಲ್ಲ, ಪುಣ್ಯಾತ್ಮರೇ!

ಅಂಥವರು, ನೀವು ಹಾಸಿಗೆ ಹಿಡಿದಾಗ ಏನು ಮಾಡಿದಿರಿ? ಕಿಟಕಿ ಪಕ್ಕ ದಿಂಬಿಗೆ ಒರಗಿಸಿ ಕೂರಿಸಿ ನಿಮ್ಮದೇ ಫೋಟೋ ತೆಗೆದೆ. ಮರುದಿನ ಪ್ರಿಂಟು ತಂದುಕೊಟ್ಟೆ. ಪಟ್ಟಿ ಕೇಳಲಿಲ್ಲ. ಸುಮ್ಮನೆ ನೋಡಿ, “ಎಲ್ಲಾ ಚಲೋ ಐತವ್ವ” ಅಂದಿರಿ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತೆ. ಖುಷಿಗಲ್ಲ. ನನ್ನನ್ನೂ ಹೊರಗಿನವಳಂತೆ ಕಂಡಿರಲ್ಲ ಅಂತ.

ನಿಮ್ಮ ಹನ್ನೊಂದನೇ ದಿನ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ದೊಡ್ಡದಾದ ಮೇಲೆ ಗೊತ್ತಾಯಿತು: ಫೋಕಸ್ ಕೂತದ್ದು ಕಿವಿಯ ಮೇಲೆ, ಕಣ್ಣು ಮಬ್ಬು. ಬಂದವರೆಲ್ಲ “ಏನ್ ಕಳೆ ಬಂದೈತ್ರಿ!” ಅನ್ನುತ್ತಿದ್ದರೆ ಗೋಡೆಯಿಂದ ಕಿತ್ತು ಹಾಕಬೇಕು ಅನಿಸಿತ್ತು. ನಿಮಗೂ ಕಾಣಲಿಲ್ಲವೇ? ಅಥವಾ ಕಂಡೂ...

ಹೋದ ಭಾನುವಾರ ನಿಮ್ಮ ಮನೆಗೆ ಹೋಗಿ, ನಿಮ್ಮ ಹೆಂಡತಿಯನ್ನೇ ಕೇಳಿಬಿಟ್ಟೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕರು.

“ನೀ ಆಕಡೆ ಹೋದಿ, ಈಕಡೆ ಶುರು ಮಾಡಿದ್ರು. ಕಿವಿ ಚೊಕ್ಕ, ಕಣ್ಣು ಮಬ್ಬು ಅಂತ. ಮತ್ತ ಹೇಳಬಾರದಾಗಿತ್ತಾ ಅಂದೆ. ‘ಹೇಳಿದ್ರ ಅಕಿ ಮತ್ತ ಬಂದು ತೆಗೀತಾಳ. ಇನ್ನೊಂದ್ಸಲ ಎದ್ದು ಕುಂದ್ರಾಕ ನನಗ ಆಗಂಗಿಲ್ಲ’ ಅಂದ್ರು.”

ಮಲಗಿದ್ದಲ್ಲೇ ತೆಗೆಯುತ್ತಿದ್ದೆ ಮಾವಾ! ಒಂದು ಮಾತು ಹೇಳಬಾರದಿತ್ತೇ? ಈ ಸಿಟ್ಟನ್ನು ನಾನು ಈಗ ಯಾರ ಮೇಲೆ ತೀರಿಸಿಕೊಳ್ಳಲಿ?

ಅಲ್ಲೇ, ಅದೇ ಕಿಟಕಿ ಪಕ್ಕ ಅವರನ್ನು ಕೂರಿಸಿದೆ. ಮೊದಲು ಮಾತಾಡಿಸಿದೆ, ನಿಮ್ಮ ಮದುವೆಯ ಸುದ್ದಿ. ಆಮೇಲೆ ತೆಗೆದೆ. ನಿನ್ನೆ ಪ್ರಿಂಟು ಬಂತು. ನಿಮ್ಮ ಪಟ್ಟಿಗಳು ಈಗ ನನ್ನ ಹತ್ತಿರವೇ ಇವೆ, ಅವನ್ನಿಟ್ಟು ನೋಡಿದೆ. ಕಣ್ಣು ಚೊಕ್ಕ ಬಂದಿದೆ. ತಲೆಯ ಹಿಂದೆ ಕ್ಯಾಲೆಂಡರು ಅಡ್ಡ ಬಂದಿದೆ.

ಈ ಭಾನುವಾರ ಮತ್ತೆ ಹೋಗುತ್ತೇನೆ. ಕೂರುತ್ತೇನೆ ಅಂದಿದ್ದಾರೆ.

ನಿಮ್ಮ
ಸುಜಾತಾ