ಜಯವರ್ಮರ ನೋಟುಬುಕ್ಕಿನಲ್ಲಿದ್ದ ಪಾಸ್‌ವರ್ಡ್

14 ಆಗಸ್ಟ್ 2004, ಶನಿವಾರ

ಮೆಲ್ಕಾರಿನ ಸೈಬರ್ ಅಂಗಡಿಯ ಜಯವರ್ಮರು ಇವತ್ತು ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

"ಸಬೀಹಕ್ಕ, ದಮ್ಮಾಮಿನಲ್ಲಿ ನಿಮ್ಮವರು ರೊಟ್ಟಿ ಕರಟಿಸಿದ ಕಥೆ ಭಾರಿ ತಮಾಷೆ ಮಾರಾಯ್ರೆ!"

ಅದು ನನ್ನವರು ಸೌದಿಯಿಂದ ನನಗೊಬ್ಬಳಿಗೆ ಮೇಲ್‌ನಲ್ಲಿ ಬರೆದ ಕಾಗದ. ಊರಿನ ಎಲ್ಲರ ಮೇಲ್ ಖಾತೆ ಮಾಡಿಕೊಟ್ಟದ್ದು ಜಯವರ್ಮರೇ, ಪಾಸ್‌ವರ್ಡುಗಳೆಲ್ಲ ಅವರ ನೋಟುಬುಕ್ಕಿನಲ್ಲಿ. ನಾವು ಯಾರೂ ಬೇಡ ಎಂದಿರಲಿಲ್ಲ.

"ನೀವು ಓದ್ತೀರಾ?" ಎಂದೆ.

"ತೆರೆದು ಕೊಡುವಾಗ ಕಣ್ಣು ಬೀಳ್ತದಲ್ಲ ಅಕ್ಕ. ಬೇಕಾದರೆ ಬೇರೆ ಕಂಪನಿಯ ಮೇಲ್ ಮಾಡುವ, ಅದು ಗಟ್ಟಿ ಉಂಟು."

"ಹಳೆಯ ಕಾಗದಗಳು?"

"ಅವು ಈ ಹಳೆಯದರಲ್ಲೇ ಉಳೀತವೆ."

ನನ್ನವರು ತೀರಿಕೊಂಡು ಐದು ತಿಂಗಳು. ಅವರ ಮಾತು ಉಳಿದಿರುವುದು ಅಲ್ಲಿ ಮಾತ್ರ. ಬಿಟ್ಟು ಎಲ್ಲಿಗೆ ಹೋಗಲಿ? ಪಾಸ್‌ವರ್ಡ್ ಮಾತ್ರ ಬದಲಾಯಿಸಿದೆ. ಜಯವರ್ಮರು ಮುಖ ತಿರುಗಿಸಿ ನಿಂತರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಅದನ್ನು ಇಲ್ಲಿ ಬರೆದಿಡಲೇ? ಮಗಳು ರಿಫಾ ಈ ಪುಸ್ತಕ ತೆಗೆದು ನೋಡುತ್ತಾಳೆ. ಬರೆಯದೆ ಮರೆತರೆ ಎಲ್ಲವೂ ಹೋಯಿತು. ಮಲಗಿದವಳು ಎರಡು ಸಲ ಎದ್ದು ಕೂತೆ.

ಆದರೆ ಮರೆಯುವುದು ಹೇಗೆ? ನನ್ನವರು ನನ್ನನ್ನು ಕರೆಯುತ್ತಿದ್ದ ಹೆಸರು ಅದು. ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಐದು ತಿಂಗಳಿಂದ ಯಾರೂ ಹಾಗೆ ಕರೆದಿಲ್ಲ. ಇವತ್ತು ಒತ್ತುವಾಗಲೂ ಪರದೆಯ ಮೇಲೆ ಬರೀ ಚುಕ್ಕಿಗಳು ಬಂದವು.